ಚಂಡಮಾರುತದ ದಿನಗಳಲ್ಲಿ ಸಿಬಿ ರೇಡಿಯೊ: ನನ್ನ ಅನುಭವ

2024ರ ಸೆಪ್ಟೆಂಬರ್ 27ರಂದು ಹೆಲೀನ್ ಚಂಡಮಾರುತದ ಮಳೆಗಾಳಿ ಅಮೆರಿಕದ ನಾರ್ತ್ ಕ್ಯಾರೊಲೈನಾದ ಬೆಟ್ಟಸೀಮೆಯನ್ನು ಅಪ್ಪಳಿಸಿದಾಗ ನಾವು ಆಶ್‌ವಿಲ್ ಸಮೀಪದ ಕಣಿವೆಯೊಂದರಲ್ಲಿದ್ದೆವು. ಮೊದಲು ವಿದ್ಯುತ್ತು ಹೋಯಿತು, ಬಳಿಕ ಮೊಬೈಲ್ ಸಿಗ್ನಲ್ಲೂ ಹೋಯಿತು. ಮರಗಳು ಉರುಳಿ ರಸ್ತೆ ಮುಚ್ಚಿದ್ದರಿಂದ ನಾಲ್ಕು ಕಿಲೋಮೀಟರ್ ಆಚೆಯವರ ಕ್ಷೇಮ ವಿಚಾರಿಸುವುದಕ್ಕೂ ದಾರಿಯಿರಲಿಲ್ಲ. ಆಗ ಉಳಿದದ್ದು ನನ್ನ ಪಿಕಪ್ ಗಾಡಿಯ ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೊ, ಅಂದರೆ ಜನಸಾಮಾನ್ಯರು ಪರಸ್ಪರ ಮಾತನಾಡಲು ಬಳಸುವ ರೇಡಿಯೊ, ಒಂದೇ.

ಇದಕ್ಕೆ ಇಲ್ಲಿ ವೈಯಕ್ತಿಕ ಲೈಸೆನ್ಸ್ ಬೇಕಿಲ್ಲ. 27 ಮೆಗಾಹರ್ಟ್ಸ್ ಆಸುಪಾಸಿನ 40 ಚಾನೆಲ್‌ಗಳಲ್ಲಿ, ಎಎಂ (ಅಲೆಯ ಎತ್ತರವನ್ನು ಬದಲಿಸಿ ಧ್ವನಿ ಕಳಿಸುವ ಬಗೆ) ಆದರೆ 4 ವಾಟ್ ಶಕ್ತಿಯಲ್ಲಿ, ಗಾಡಿಯ 12 ವೋಲ್ಟ್ ಬ್ಯಾಟರಿಯಿಂದಲೇ ಮಾತನಾಡಬಹುದು. ಆದರೆ ಕೊಂಡ ಹೊಸದರಲ್ಲಿ ನನ್ನ ಧ್ವನಿ ಒಂದು ಮೈಲಿಯನ್ನೂ ದಾಟುತ್ತಿರಲಿಲ್ಲ. ದೋಷವಿದ್ದದ್ದು ಆಂಟೆನಾದಲ್ಲಿ. ಗಾಡಿಯ ಅಂಚಿನಲ್ಲಿ ಕೂರಿಸಿದ್ದಾಗ ಎಸ್‌ಡಬ್ಲ್ಯುಆರ್ ಮೀಟರಿನ (ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತಿದೆಯೆಂದು ತೋರಿಸುವ ಮಾಪಕ; ಅಂಕಿ 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) ಮುಳ್ಳು ಮೂರನ್ನು ಮೀರುತ್ತಿತ್ತು. ಚಾವಣಿಯ ನಡುಮಧ್ಯಕ್ಕೆ ತಂದ ಮೇಲೂ 1ನೇ ಚಾನೆಲ್ಲಿಗಿಂತ 40ರಲ್ಲಿ ಅಳತೆ ಹೆಚ್ಚು ತೋರಿಸಿದ್ದರಿಂದ, ಕಡ್ಡಿ ಉದ್ದವಾಗಿದೆಯೆಂದು ತಿಳಿದು, ತುದಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಒಳಗೆ ತಳ್ಳುತ್ತಾ ಎರಡೂ ಕಡೆ 1.5ರ ಆಸುಪಾಸಿಗೆ ಇಳಿಸಿದೆ. ದುಬಾರಿ ಸೆಟ್ಟಿಗೆ ಹಣ ಸುರಿಯುವುದಕ್ಕಿಂತ ಈ ಅರ್ಧ ದಿನದ ಕೆಲಸ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ.

ತುರ್ತು ಕರೆಗೆಂದೇ ಮೀಸಲಾದ 9ನೇ ಚಾನೆಲ್ಲಿನಲ್ಲಿ ಮೊದಲ ಸಂಜೆ ಹಲವು ಸಲ ಕರೆದೆ. ಯಾರೂ ಓಗೊಡಲಿಲ್ಲ; ಆ ಚಾನೆಲ್ಲಿಗೆ ಕಿವಿಗೊಟ್ಟು ಕೂರುವವರು ಈಗ ವಿರಳ. ಸೂರ್ಯನ ಚಟುವಟಿಕೆ ಜೋರಾಗಿದ್ದ ವರ್ಷವಾದ್ದರಿಂದ ಅಯಾನುಗೋಳದಿಂದ (ವಾತಾವರಣದ ಮೇಲಿನ ವಿದ್ಯುದಾವೇಶದ ಪದರದಿಂದ) ಪ್ರತಿಫಲಿಸಿ ಬಂದ ಎಲ್ಲಿಯದೋ ದೂರದ ಮಾತುಗಳು ಮಾತ್ರ ಕೇಳಿಸಿದವು. ಕೈಹಿಡಿದದ್ದು ನಾವು ನಾಲ್ಕು ಮನೆಯವರು ಬೇಸಿಗೆಯಲ್ಲೇ ಮಾಡಿಕೊಂಡಿದ್ದ ಏರ್ಪಾಡು: 14ನೇ ಚಾನೆಲ್, ಬೆಳಿಗ್ಗೆ 8ಕ್ಕೆ ಮತ್ತು ಸಂಜೆ 6ಕ್ಕೆ, ತಲಾ ಹತ್ತು ನಿಮಿಷ. ಉಳಿದ ಹೊತ್ತು ರೇಡಿಯೊ ಆರಿಸಿಟ್ಟು ಬ್ಯಾಟರಿ ಉಳಿಸುತ್ತಿದ್ದೆವು.

ಎರಡನೆಯ ಬೆಳಿಗ್ಗೆ ಕಣಿವೆಯ ಕೊನೆಯ ಮನೆಯ ವೃದ್ಧೆಯೊಬ್ಬರಿಗೆ ಎರಡು ದಿನಕ್ಕಾಗುವಷ್ಟೇ ಇನ್ಸುಲಿನ್ ಉಳಿದಿದೆಯೆಂಬ ಮಾತು ಕರಕರ ಸದ್ದಿನ ನಡುವೆ ಬಂತು. ಔಷಧದ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೇಳಿ, ಲಕೋಟೆಯ ಹಿಂಬದಿಯಲ್ಲಿ ಬರೆದುಕೊಂಡು, ಓದಿ ಹೇಳಿ, ಸರಿಯೆಂದ ಮೇಲೆಯೇ ಮುಂದಕ್ಕೆ ಕಳಿಸಿದೆ. ಅವರ ಮನೆಗೂ ಬೆಟ್ಟದ ಏಣಿನ ಮೇಲಿನ ಮನೆಗೂ ನಡುವೆ ಗುಡ್ಡ ಅಡ್ಡವಿದ್ದುದರಿಂದ ನಾನೇ ನಡುವಿನ ಕೊಂಡಿಯಾಗಬೇಕಾಯಿತು. ಮೇಲಿನ ಮನೆಯವರು ಆ ಚೀಟಿಯ ವಿವರವನ್ನು ಕಾಲ್ನಡಿಗೆಯಲ್ಲಿ ಅಗ್ನಿಶಾಮಕ ಠಾಣೆಗೆ ಮುಟ್ಟಿಸಿದರು. ಮರುದಿನ ಸಂಜೆ 6ಕ್ಕೆ ಔಷಧ ತಲುಪಿತೆಂದು ಆಕೆಯ ಮಗ ಹೇಳಿದಾಗ ಮೈಕಿನ ಗುಂಡಿ ಒತ್ತಿಯೂ ನನಗೆ ಕೂಡಲೇ ಮಾತು ಹೊರಡಲಿಲ್ಲ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ನಾಲ್ಕೂ ಮನೆಗಳವರು ಕರೆದು ಪರೀಕ್ಷಿಸುತ್ತೇವೆ. ಕಳೆದ ಸಲ ಒಂದು ಮನೆಯಿಂದ ಉತ್ತರ ಬರದಿದ್ದಾಗ ಹೋಗಿ ನೋಡಿದರೆ, ಬ್ಯಾಟರಿಯ ತಂತಿ ಕಿಲುಬು ಹಿಡಿದಿತ್ತು. ಉಜ್ಜಿ ಬಿಗಿದು ಬಂದೆ.