ಗಾಡಿ ಹೂಡುವ ಮುನ್ನ

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಮಲಗಲೂ ಅಡುಗೆಗೂ ಒಳಗೇ ಅನುಕೂಲವಿರುವ ನಮ್ಮ ಟ್ರೇಲರ್ ನೋಡಲು ಬಂದವರೆಲ್ಲ ಮೊದಲು ಬಾಗಿಲು ತೆಗೆದು ಒಳಗೆ ಇಣುಕುತ್ತಾರೆ. ಮಲಗುವುದೆಲ್ಲಿ, ಒಲೆ ಎಲ್ಲಿ, ಶೌಚಕ್ಕೆ ಏನು ವ್ಯವಸ್ಥೆ ಎಂದು ವಿಚಾರಿಸುತ್ತಾರೆ. ಗಾಡಿ ಎಷ್ಟು ತೂಗುತ್ತದೆ ಎಂದು ಕೇಳಿದವರು ತೀರ ಅಪರೂಪ. ನನ್ನ ಪ್ರಕಾರ ದೂರದ ಪ್ರಯಾಣದ ತಯಾರಿ ಶುರುವಾಗಬೇಕಾದದ್ದು ಆ ಪ್ರಶ್ನೆಯಿಂದ. ಎಷ್ಟು ಭಾರ, ಆ ಭಾರ ಎಲ್ಲಿ ಕೂತಿದೆ, ಇವೆರಡು ಗೊತ್ತಾದರೆ ಉಳಿದದ್ದನ್ನು ಹೊಂದಿಸಿಕೊಳ್ಳಬಹುದು.

ನಮ್ಮದು ಒಂದೇ ಅಚ್ಚಿನ ಪುಟ್ಟ ಟ್ರೇಲರ್. ಸಾಮಾನು, ನೀರು ಎಲ್ಲ ತುಂಬಿದರೆ ಸುಮಾರು 700 ಕಿಲೋ. ಯಜಮಾನರು ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದವರು, ನಾನು ಶಾಲೆಯಲ್ಲಿ ಗಣಿತ ಕಲಿಸಿದವಳು. ಹೀಗಾಗಿ ಗಾಲಿ ಅವರ ಪಾಲಿಗೆ, ಲೆಕ್ಕ ನನ್ನ ಪಾಲಿಗೆ ಬಂದಿದೆ.

ದೊಡ್ಡ ಪ್ರಯಾಣಕ್ಕೆ ಮುನ್ನ ಎಲ್ಲವನ್ನೂ ತುಂಬಿಕೊಂಡು ಅಮರಗೋಳದ ಎಪಿಎಂಸಿ ಕಡೆಗೆ ಹೋಗಿ, ಕಾಳಿನ ಲಾರಿಗಳ ಸಾಲಿನಲ್ಲಿ ನಿಂತು ವೇಬ್ರಿಜ್ ಮೇಲೆ ಗಾಡಿಯೊಂದನ್ನೇ ತೂಗಿಸುತ್ತೇವೆ. ಮನೆಗೆ ಬಂದ ಮೇಲೆ ಇನ್ನೊಂದು ತೂಕ. ಸಮತಟ್ಟಾದ ನೆಲದಲ್ಲಿ ಗಾಡಿಯ ಮೂತಿಯ ಕೆಳಗಿನ ಸಣ್ಣ ಗಾಲಿಯನ್ನು, ನಾವು ಮೈತೂಕ ನೋಡಿಕೊಳ್ಳುವ ಯಂತ್ರದ ಮೇಲೆ ನಿಧಾನವಾಗಿ ಇಳಿಸುತ್ತೇವೆ. ಒಟ್ಟು ತೂಕದ ಹತ್ತನೇ ಒಂದು ಭಾಗ, ಅಂದರೆ ನಮ್ಮ ಗಾಡಿಗೆ 70 ಕಿಲೋ ಆಸುಪಾಸು ಅಲ್ಲಿ ಕಾಣಬೇಕು. ಕಾರಿನ ಕೊಂಡಿ ಅಷ್ಟನ್ನು ತಡೆಯುತ್ತದೆಯೇ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಂಡಿರಬೇಕು. ಚಕ್ಕಡಿ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹೇರು ಹಿಂದಕ್ಕೆ ಜಗ್ಗಿದರೆ ಮೂಕಿ ಮೇಲೇಳುತ್ತದೆ, ತೀರ ಮುಂದಾದರೆ ಎತ್ತಿನ ಹೆಗಲು ಒಡೆಯುತ್ತದೆ. ಟ್ರೇಲರಿನಲ್ಲಿ ಹಿಂಭಾರವಾದರೆ ವೇಗ ಹೆಚ್ಚಿದಂತೆ ಹಿಂಬದಿ ಎಡಕ್ಕೂ ಬಲಕ್ಕೂ ತೂಗಾಡಲು ಶುರುವಾಗಿ, ಕೊನೆಗೆ ಕಾರನ್ನೇ ಎಳೆದಾಡುತ್ತದೆ.

ಇದರ ಪರೀಕ್ಷೆ ನಮ್ಮ ಸೀಮೆಯಲ್ಲೇ ಆಗಿಬಿಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗದಗ ಜಿಲ್ಲೆಯ ಬಯಲಿನಲ್ಲಿ ಗಾಳಿ ಬೀಸುವ ರಭಸ ಗೊತ್ತಿದ್ದವರಿಗೇ ಗೊತ್ತು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಅಡ್ಡಗಾಳಿ ಒಂದು ಕಡೆ, ಪಕ್ಕದಲ್ಲೇ ಹಾದುಹೋಗುವ ದೊಡ್ಡ ಲಾರಿಯ ಸೆಳೆತ ಇನ್ನೊಂದು ಕಡೆ. ಗಾಡಿ ಅಲುಗಾಡಿದರೆ ಗಟ್ಟಿಯಾಗಿ ಬ್ರೇಕ್ ಒತ್ತಬಾರದು, ಸ್ಟಿಯರಿಂಗ್ ಜೊತೆ ಗುದ್ದಾಡಬಾರದು, ಓಡಿಸಿಕೊಂಡು ಪಾರಾಗುತ್ತೇನೆ ಎಂದು ವೇಗವನ್ನಂತೂ ಏರಿಸಲೇಬಾರದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯಲು ಬಿಡಬೇಕು.

ಹಾಗಾಗಿ ಭಾರದ ವಸ್ತುಗಳೆಲ್ಲ ಅಚ್ಚಿನ ಮೇಲೆ, ನೆಲಕ್ಕೆ ಹತ್ತಿರ: ನೀರಿನ ಟ್ಯಾಂಕ್, ಬ್ಯಾಟರಿ, ಅಕ್ಕಿ, ಬೇಳೆ. ಹಿಂದಿನ ಕಪಾಟಿನಲ್ಲಿ ಹಾಸಿಗೆ ಬಟ್ಟೆ ಮಾತ್ರ. ಗಾಡಿಯ ಯಾವ ಜಾಗ ಹೆಚ್ಚು ಕುಣಿಯುತ್ತದೆ ಎಂದು ನನಗೆ ತೋರಿಸಿಕೊಟ್ಟದ್ದು ಕಡಕ್ ರೊಟ್ಟಿ. ಒಂದೇ ಅಳತೆಯ ಎರಡು ಡಬ್ಬಿಗಳಲ್ಲಿ ರೊಟ್ಟಿ ತುಂಬಿ, ಒಂದನ್ನು ಹಿಂಬದಿಯಲ್ಲಿ, ಇನ್ನೊಂದನ್ನು ಅಚ್ಚಿನ ಮೇಲಿನ ಕಪಾಟಿನಲ್ಲಿ ಇಟ್ಟು ಹೊರಟಿದ್ದೆ. ಸಂಜೆ ತೆರೆದರೆ ಹಿಂದಿನದು ಚೂರುಚೂರು, ನಡುವಿನದರಲ್ಲಿ ಅಂಚು ಮಾತ್ರ ಮುರಿದಿತ್ತು. ಅಂದಿನಿಂದ ಗಾಜಿನ ಭರಣಿ, ಮೊಟ್ಟೆ, ನನ್ನ ಕನ್ನಡಕ ಎಲ್ಲವೂ ನಡುವಿನ ಕಪಾಟಿಗೆ.

ಊಟದ ವಿಷಯದಲ್ಲಿ ಉತ್ತರ ಕರ್ನಾಟಕದವರು ಪುಣ್ಯವಂತರು. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ: ಇವಕ್ಕೆ ಫ್ರಿಜ್ ಬೇಡ, ಗ್ಯಾಸ್ ಬೇಡ, ತೂಕವೂ ಅತಿಯಲ್ಲ. ಕರಾವಳಿಗೆ ಇಳಿಯುವುದಿದ್ದರೆ ಮಾತ್ರ ರೊಟ್ಟಿಯನ್ನು ಮೊದಲ ದಿನಗಳಲ್ಲೇ ಖರ್ಚು ಮಾಡಬೇಕು. ಅಲ್ಲಿನ ಹವೆಗೆ ಅದು ಮೆತ್ತಗಾಗುತ್ತದೆ.

ನೀರನ್ನು ಅಳೆದು ಬಳಸುವುದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ವಾರಕ್ಕೊಮ್ಮೆ ನಳದ ನೀರು ಬರುವುದನ್ನು ಕಂಡ ಊರು ನಮ್ಮದು. 60 ಲೀಟರ್ ಎಂದರೆ 60 ಕಿಲೋ. ಇಬ್ಬರ ಅಡುಗೆ, ಪಾತ್ರೆ, ಮುಖ ತೊಳೆಯುವುದಕ್ಕೆ ಎರಡು ದಿನ ಸಾಕು. ವಿದ್ಯುತ್ತಿನ ಲೆಕ್ಕವೂ ಹಾಗೆಯೇ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 1,200 ವ್ಯಾಟ್-ಅವರ್ ಇರುತ್ತದೆ. ಪುಟ್ಟ ಫ್ರಿಜ್, ಫ್ಯಾನು, ದೀಪ, ಮೊಬೈಲು ಸೇರಿ ನಮ್ಮ ದಿನದ ಖರ್ಚು 700 ವ್ಯಾಟ್-ಅವರ್. ಬೇಸಿಗೆಯಲ್ಲಿ ಚಾವಣಿಯ ಸೌರಫಲಕ ಅದನ್ನು ತುಂಬಿಸಿಕೊಡುತ್ತದೆ. ಆಷಾಢದ ಮೋಡದಲ್ಲಿ ಫ್ರಿಜ್ ಬಂದ್. ಗ್ಯಾಸ್ ಒಲೆಗೆ 5 ಕಿಲೋ ಸಿಲಿಂಡರ್; ಗಾಡಿ ಚಲಿಸುವಾಗ ಅದರ ರೆಗ್ಯುಲೇಟರ್ ಕಡ್ಡಾಯವಾಗಿ ಮುಚ್ಚಿರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಆದ್ದರಿಂದ ನೆಲಮಟ್ಟದ ಗಾಳಿಕಿಂಡಿಗೆ ಏನನ್ನೂ ಅಡ್ಡ ಇಡುವುದಿಲ್ಲ.

ನಿಲ್ಲಿಸುವ ಜಾಗದ ಬಗ್ಗೆ ಒಂದೇ ಮಾತು. ಅಣ್ಣಿಗೇರಿ, ನವಲಗುಂದ, ನರಗುಂದದ ಕಡೆ ಮಳೆ ಬಿದ್ದ ಎರೆ ನೆಲಕ್ಕೆ ಗಾಡಿ ಇಳಿಸಬೇಡಿ. ಸಂಜೆ ಗಟ್ಟಿಯಾಗಿ ಕಂಡ ನೆಲ ರಾತ್ರಿಯ ಒಂದು ಮಳೆಗೆ ಗಾಲಿಯನ್ನು ನುಂಗುತ್ತದೆ. ಕೆಂಪು ಮಸಾರಿ ನೆಲ ಅಥವಾ ಕಲ್ಲು ಹಾಸಿದ ಅಂಗಳ ಸಿಗುವವರೆಗೆ ಮುಂದೆ ಹೋಗಿ. ಜಾಕ್ ಕೆಳಗೆ ಇಡಲು ಎರಡು ದಪ್ಪ ಹಲಗೆ ಸದಾ ಜೊತೆಗಿರಲಿ.

ಗಾಲಿಯ ವಿಷಯ ಬಂದರೆ ಯಜಮಾನರಿಗೆ ಹಸಿವು ನೀರಡಿಕೆ ಇರುವುದಿಲ್ಲ. ಟ್ರೇಲರಿನ ಟೈರು ಸವೆದು ಹಾಳಾಗುವುದಕ್ಕಿಂತ ನಿಂತು ನಿಂತು ಬಿರುಕು ಬಿಡುವುದೇ ಹೆಚ್ಚು ಎಂದು ಅವರು ಎಲ್ಲರಿಗೂ ಹೇಳುತ್ತಾರೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಸವೆತ ನೋಡದೆ ಆ ಅಂಕಿ ನೋಡಿ ಬದಲಿಸುತ್ತಾರೆ. ಬೇರಿಂಗಿಗೆ ಗ್ರೀಸು ಅವರೇ ತುಂಬುತ್ತಾರೆ. ದಾರಿಯಲ್ಲಿ ಎಲ್ಲಿ ನಿಂತರೂ ಮೊದಲು ಗಾಲಿಯ ನಡುವಿನ ಗುಂಬದ ಹತ್ತಿರ ಅಂಗೈಯ ಹಿಂಬದಿ ಒಯ್ದು ಬಿಸಿ ನೋಡುತ್ತಾರೆ. ರೈಲಿನ ಅಚ್ಚು ಕಾದಿದೆಯೇ ಎಂದು ನಿಲ್ದಾಣದಲ್ಲಿ ನೋಡುತ್ತಿದ್ದ ರೂಢಿ ಅದು. ಎರಡೂ ಕಡೆ ಒಂದೇ ಬಿಸಿ ಇದ್ದರೆ ಚಿಂತೆಯಿಲ್ಲ. ಒಂದು ಕಡೆ ಕೈ ಇಡಲಾಗದಷ್ಟು ಕಾದಿದ್ದರೆ ಬೇರಿಂಗೋ ಬ್ರೇಕೋ ಹಿಡಿಯುತ್ತಿದೆ ಎಂದರ್ಥ, ಅಲ್ಲಿಂದ ಒಂದು ಕಿಲೋಮೀಟರ್ ಕೂಡ ಮುಂದೆ ಹೋಗಬಾರದು. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದ ಮೇಲೆ ಈ ಪರೀಕ್ಷೆ ತಪ್ಪುವುದೇ ಇಲ್ಲ. ಘಟ್ಟದಲ್ಲಿ ಬ್ರೇಕನ್ನೇ ನಂಬದೆ, ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬರುತ್ತಾರೆ.

ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಇಬ್ಬರ ಕೆಲಸ. ಟ್ರೇಲರಿನ ಹಿಂಬದಿ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ ತಿರುಗಬೇಕು. ಸ್ಟಿಯರಿಂಗಿನ ಕೆಳತುದಿಯಲ್ಲಿ ಕೈ ಇಟ್ಟುಕೊಂಡರೆ ಈ ಗೊಂದಲವಿಲ್ಲ: ಕೈ ಯಾವ ಕಡೆಗೋ ಗಾಡಿ ಆ ಕಡೆಗೆ. ಮಾತನ್ನು ನಾವು ಪೂರ್ತಿ ಬಿಟ್ಟಿದ್ದೇವೆ, ಕೈಸನ್ನೆ ಮಾತ್ರ. ನಾನು ಅವರ ಕನ್ನಡಿಯಲ್ಲಿ ಕಾಣಿಸದಿದ್ದರೆ ಗಾಡಿ ಅಲ್ಲೇ ನಿಲ್ಲಬೇಕೆಂಬುದು ನಮ್ಮ ನಿಯಮ. ಹಾಗೆ ಮಾಡಿದ ಮೇಲೆ ಜಗಳವೂ ನಿಂತಿತು.

ಹೊರಡುವ ಬೆಳಗ್ಗೆ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡುತ್ತೇವೆ. ಅವರು ಕೂಡಿಸಿದ ಕೊಂಡಿಯ ಪಿನ್ನನ್ನು ನಾನು ಎಳೆದು ನೋಡುತ್ತೇನೆ. ಸುರಕ್ಷತಾ ಸರಪಳಿಗಳು ಕೊಂಡಿಯ ಕೆಳಗೆ ಅಡ್ಡಡ್ಡ ಹಾದಿವೆಯೇ, ಬ್ರೇಕ್ ದೀಪ, ಎಡ ಬಲದ ದೀಪ ಉರಿಯುತ್ತವೆಯೇ ಎಂದು ಹಿಂದೆ ನಿಂತು ನೋಡುತ್ತೇನೆ. ನಾನು ಮುಚ್ಚಿದ ಕಪಾಟು, ಗ್ಯಾಸು, ಕಿಟಕಿಗಳನ್ನು ಅವರು ನೋಡುತ್ತಾರೆ. ಗಾಲಿ ಬಿಚ್ಚಿ ಹಾಕಿದ ಮೇಲೆ ಮೊದಲ 50–80 ಕಿಲೋಮೀಟರಿನಲ್ಲಿ ನಟ್ಟುಗಳು ಕೊಂಚ ಸಡಿಲವಾಗುವುದುಂಟು. ಆದ್ದರಿಂದ ಪೂರ್ವಕ್ಕೆ ಹೊರಟರೆ ಗದಗಿನಲ್ಲಿ, ದಕ್ಷಿಣಕ್ಕಾದರೆ ಹಾವೇರಿಯ ಬಳಿ ನಿಲ್ಲಿಸಿ ಪಾನಾ ಹಾಕಿ ಬಿಗಿ ನೋಡುತ್ತೇವೆ. ಚಹಾ ಆಮೇಲೆ.