ಕಂಪನಿ ಸ್ಟೀರಿಯೊ ಕೀಳದೆ ಸಬ್‌ವೂಫರ್, ಆಂಪ್ ಹಾಕಿಸೋದು ಹೇಗೆ: ಕೊಡಗಿನ ಗಾಡಿಗಳಿಗೆ

ಬೇಸ್ ಸಾಲದು ಅಂತ ಗಾಡಿ ಜೊತೆ ಬಂದ ಸ್ಟೀರಿಯೊ ಕಿತ್ತು ಬಿಸಾಕಬೇಡಿ. ಈಗಿನ ಕಾರುಗಳಲ್ಲಿ ರಿವರ್ಸ್ ಕ್ಯಾಮೆರಾ, ಸ್ಟೀರಿಂಗ್ ಬಟನ್ ಎಲ್ಲಾ ಅದೇ ಟಚ್‌ಸ್ಕ್ರೀನಿಗೆ ಕಟ್ಟಿಕೊಂಡಿರುತ್ತದೆ. ಅದನ್ನು ಬದಲಿಸಲು ಹೋದರೆ ಒಂದು ಸರಿಹೋಗಿ ಮೂರು ಕೆಡುತ್ತದೆ. ಬೇಸ್ ಬರದೇ ಇರುವುದಕ್ಕೆ ಮುಖ್ಯ ಕಾರಣ ಬೇರೆ. ಬಾಗಿಲಲ್ಲಿರುವ ಆರೂವರೆ ಇಂಚಿನ ಪುಟ್ಟ ಸ್ಪೀಕರಿಗೆ 50 ಹರ್ಟ್ಸ್ ಆಸುಪಾಸಿನ ಸದ್ದನ್ನು ಜೋರಾಗಿ ಹೊರಡಿಸುವ ತಾಕತ್ತಿಲ್ಲ. ಸ್ಟೀರಿಯೊ ಮೇಲೆ 50 ವ್ಯಾಟ್ ಅಂತ ಬರೆದಿದ್ದರೂ ಒಂದೊಂದು ಚಾನೆಲ್‌ನಿಂದ ನಿಜವಾಗಿ ಬರುವುದು ಹೆಚ್ಚುಕಮ್ಮಿ 15ರಿಂದ 20 ವ್ಯಾಟ್ ಆರ್‌ಎಂಎಸ್ (ಬಿಡದೆ ಕೊಡಬಲ್ಲ ನಿಜವಾದ ಪವರ್) ಅಷ್ಟೇ. ಹಾಗಾಗಿ ಸ್ಟೀರಿಯೊ ಇದ್ದ ಹಾಗೇ ಇರಲಿ, ಅದರಿಂದ ಸಿಗ್ನಲ್ ಮಾತ್ರ ಕದ್ದು ಆಂಪಿಗೆ (ಸಿಗ್ನಲ್ಲಿಗೆ ಬಲ ತುಂಬುವ ಆಂಪ್ಲಿಫೈಯರ್) ಕೊಡೋಣ, ಆಂಪ್ ಸಬ್‌ವೂಫರನ್ನು, ಅಂದರೆ ಬರೀ ಬೇಸ್ ಹೊರಡಿಸುವ ಸ್ಪೀಕರನ್ನು, ಓಡಿಸಲಿ.

ಮೊದಲು ಡಿಕ್ಕಿ ನೋಡಿಕೊಳ್ಳಿ. ನಮ್ಮಲ್ಲಿ ಡಿಕ್ಕಿ ಸುಮ್ನೆ ಖಾಲಿ ಇರುವುದಿಲ್ಲ, ಒಮ್ಮೆ ಗೊಬ್ಬರದ ಚೀಲ, ಒಮ್ಮೆ ಕಾಳುಮೆಣಸಿನ ಮೂಟೆ, ಮದುವೆ ಸೀಸನ್ನಿನಲ್ಲಿ ಇಡೀ ಮನೆಯವರ ಬ್ಯಾಗು. ಇಡೀ ಜಾಗ ಬೇಕೇ ಬೇಕು ಅನ್ನುವವರು, ಜಿಮ್ನಿ, ಥಾರ್ ಇಟ್ಟುಕೊಂಡವರು ಕೂಡ, ಸೀಟಿನ ಕೆಳಗೆ ಕೂರುವ 8 ಇಂಚಿನ ಆಕ್ಟಿವ್ ಸಬ್ ತೆಗೆದುಕೊಳ್ಳಿ. ಆಂಪ್ ಅದರೊಳಗೇ ಇರುತ್ತದೆ, ಕೆಲಸ ಅರ್ಧಕ್ಕರ್ಧ ಕಡಿಮೆ. ಆದರೆ ಎದೆಗೆ ಗುದ್ದುವ ಬೇಸ್ ಅದರಿಂದ ನಿರೀಕ್ಷಿಸಬೇಡಿ. ಅದು ಬೇಕಿದ್ದರೆ 10 ಇಂಚಿನ ಒಂದು ಸಬ್, ಸೀಲ್ಡ್ ಬಾಕ್ಸು (ಗಾಳಿ ಆಡದಂತೆ ಮುಚ್ಚಿದ ಪೆಟ್ಟಿಗೆ), 250–300 ವ್ಯಾಟ್ ಆರ್‌ಎಂಎಸ್ ಕೊಡುವ ಒಂದು ಮಾನೋಬ್ಲಾಕ್ (ಒಂದೇ ಚಾನೆಲ್‌ನ) ಆಂಪ್ ಸಾಕು. ಎರಡೆರಡು 12 ಇಂಚು ಹಾಕಿ ಹೋಗುವವರ ಗಾಡಿಯಲ್ಲಿ ಹಾಡಿಗಿಂತ ನಂಬರ್ ಪ್ಲೇಟೇ ಜಾಸ್ತಿ ಕೇಳಿಸುತ್ತದೆ.

ಅಂಗಡಿಯಲ್ಲಿ ‘1000 ವ್ಯಾಟ್, 2000 ವ್ಯಾಟ್’ ಅಂದರೆ ತಲೆ ಆಡಿಸಿ ಆರ್‌ಎಂಎಸ್ ಎಷ್ಟು ಅಂತ ಕೇಳಿ. ಜೊತೆಗೆ ಓಮ್, ಅಂದರೆ ಸಬ್ ಕರೆಂಟಿಗೆ ಒಡ್ಡುವ ತಡೆ, ನೋಡಿ. ಡ್ಯುಯಲ್ 4 ಓಮ್ ಸಬ್‌ನ ಎರಡು ಕಾಯಿಲನ್ನು ಪ್ಯಾರಲಲ್ ಕಟ್ಟಿದರೆ 2 ಓಮ್, ಸೀರೀಸ್ ಕಟ್ಟಿದರೆ 8 ಓಮ್. ನಿಮ್ಮ ಆಂಪ್ 2 ಓಮಿಗೆ ಸ್ಟೇಬಲ್ ಅಲ್ಲ ಅಂದರೆ ಪ್ಯಾರಲಲ್ ಕಟ್ಟಲೇಬಾರದು, ಬಿಸಿಯಾಗಿ ಪ್ರೊಟೆಕ್ಟ್ ಲೈಟ್ ಹತ್ತಿಸಿ ಕೂರುತ್ತದೆ.

ಬಾಕ್ಸಿನ ಮರದ ಬಗ್ಗೆ ಸ್ವಲ್ಪ ಹೇಳಲೇಬೇಕು. ರೆಡಿಮೇಡ್ ಬಾಕ್ಸುಗಳು ಸಾಮಾನ್ಯವಾಗಿ ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಬರುತ್ತವೆ. ಬೆಂಗಳೂರಿಗೆ ಅದು ಓಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಭಾಗಮಂಡಲ, ನಾಪೋಕ್ಲು ಕಡೆ ಎಂಡಿಎಫ್ ತೇವ ಕುಡಿದು ಅಂಚಿನಲ್ಲಿ ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ, ಗಾಳಿ ಸೋರಿದ ಸೀಲ್ಡ್ ಬಾಕ್ಸ್ ಸೀಲ್ಡ್ ಬಾಕ್ಸೇ ಅಲ್ಲ. ಊರಿನ ಆಚಾರಿಗೆ ಹೇಳಿ 18 ಎಂಎಂ ಮೆರೀನ್ ಪ್ಲೈನಲ್ಲಿ ಮಾಡಿಸಿ. 10 ಇಂಚಿಗೆ ಸುಮಾರು 20 ಲೀಟರ್ ಒಳಜಾಗ ಅಂತ ಲೆಕ್ಕ ಇಟ್ಟುಕೊಳ್ಳಬಹುದು, ಆದರೆ ಸಬ್ ಜೊತೆ ಬರುವ ಹಾಳೆಯಲ್ಲಿ ಏನಿದೆಯೋ ಅದೇ ಅಂತಿಮ. ಒಳಗೂ ಹೊರಗೂ ವಾರ್ನಿಶ್ ಹೊಡೆಸಿ, ಮೂಲೆಗಳಿಗೆ ಸಿಲಿಕೋನ್ ಹಾಕಿಸಿ.

ಇನ್ನು ಸಿಗ್ನಲ್. ಕಂಪನಿ ಸ್ಟೀರಿಯೊದ ಹಿಂದೆ ಆರ್‌ಸಿಎ ಔಟ್‌ಪುಟ್ (ಆಂಪಿಗೆ ಸಿಗ್ನಲ್ ಕೊಡುವ ಸಾಕೆಟ್) ಸಾಮಾನ್ಯವಾಗಿ ಇರುವುದಿಲ್ಲ. ಆಂಪ್‌ನಲ್ಲಿ ಹೈ-ಲೆವೆಲ್ ಇನ್‌ಪುಟ್ ಇದ್ದರೆ ಸ್ಪೀಕರ್ ತಂತಿಯನ್ನೇ ನೇರ ಕೊಡಬಹುದು, ಇಲ್ಲದಿದ್ದರೆ ನಡುವೆ ಸ್ಪೀಕರ್ ಸಿಗ್ನಲ್ಲನ್ನು ಆರ್‌ಸಿಎ ಮಟ್ಟಕ್ಕೆ ಇಳಿಸುವ ಲೈನ್ ಔಟ್‌ಪುಟ್ ಕನ್ವರ್ಟರ್ ಬೇಕು. ಹಿಂದಿನ ಎರಡು ಸ್ಪೀಕರುಗಳ ಪ್ಲಸ್, ಮೈನಸ್, ಒಟ್ಟು ನಾಲ್ಕು ತಂತಿಗೆ ಪ್ಯಾರಲಲ್ ಆಗಿ ಸೇರಿಸಿ. ಸ್ಪೀಕರನ್ನು ಕಳಚಬೇಡಿ, ಅದು ಹಾಡುತ್ತಲೇ ಇರಲಿ. ತಂತಿ ಕತ್ತರಿಸಿದರೆ ವಾರಂಟಿಗೆ ತಕರಾರು ಬರುತ್ತದೆ, ಅದಕ್ಕೆ ನಿಮ್ಮ ಮಾಡೆಲ್‌ಗೆ ಸಿಗುವ ಕಪ್ಲರ್ ಹಾರ್ನೆಸ್ (ಕತ್ತರಿಸದೆ ನಡುವೆ ಸಿಕ್ಕಿಸುವ ಪ್ಲಗ್ ತಂತಿಗಳ ಕಟ್ಟು) ಕೇಳಿ ತರಿಸಿ. ಒಂದು ಎಚ್ಚರ. ಸಾಕಷ್ಟು ಕಂಪನಿ ಸ್ಟೀರಿಯೊಗಳು ವಾಲ್ಯೂಮ್ ಏರಿದ ಹಾಗೆ ಪುಟ್ಟ ಸ್ಪೀಕರ್ ಹರಿಯದಿರಲಿ ಅಂತ ತಾವೇ ಬೇಸ್ ಕಡಿತ ಮಾಡುತ್ತವೆ. ಜೋರು ಮಾಡಿದಾಗ ಸಬ್ ಮಂಕಾದರೆ ಸಬ್ಬನ್ನು ಬಯ್ಯಬೇಡಿ, ಬೇಸ್ ವಾಪಸ್ ತರುವ ಸೌಲಭ್ಯ ಇರುವ ಕನ್ವರ್ಟರ್ ಹುಡುಕಿ.

ಬ್ಯಾಟರಿಯಿಂದ ಆಂಪಿಗೆ ಹೋಗುವ ಪವರ್ ತಂತಿಯಲ್ಲಿ ಮಾತ್ರ ಕಂಜೂಸುತನ ಬೇಡ, ನನ್ನನ್ನು ಕೇಳಿದರೆ ಸಬ್‌ನಲ್ಲಿ ಸಾವಿರ ಉಳಿಸಿ ಅದನ್ನು ತಂತಿಗೆ ಹಾಕಿ ಅಂತಲೇ ಹೇಳುವುದು. ಅಗ್ಗದ ಕಿಟ್‌ಗಳಲ್ಲಿ ಬರುವುದು ತಾಮ್ರ ಸವರಿದ ಅಲ್ಯೂಮಿನಿಯಂ. ಅಷ್ಟೇ ದಪ್ಪ ಇದ್ದರೂ ಕರೆಂಟ್ ಕಡಿಮೆ ಹೊರುತ್ತದೆ, ತೇವಕ್ಕೆ ಬೇಗ ಹಾಳಾಗುತ್ತದೆ. ಪೂರ್ತಿ ತಾಮ್ರದ 8 ಗೇಜ್ ತಂತಿ 300 ವ್ಯಾಟ್ ಆಂಪಿಗೆ ಧಾರಾಳ, 500 ದಾಟಿದರೆ ಇನ್ನೂ ದಪ್ಪನೆಯ 4 ಗೇಜ್. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಕಳಚಿ. ಪ್ಲಸ್‌ನಿಂದ 45 ಸೆಂಟಿಮೀಟರ್ ಒಳಗೇ ಫ್ಯೂಸ್ ಬರಬೇಕು, ಅಳತೆ ಆಂಪ್ ಮೇಲಿನ ಫ್ಯೂಸಿನಷ್ಟೇ ಇರಲಿ. ಈ ಫ್ಯೂಸ್ ಆಂಪ್ ಕಾಪಾಡಲಿಕ್ಕಲ್ಲ, ದಾರಿಯಲ್ಲಿ ತಂತಿ ಉಜ್ಜಿ ಶಾರ್ಟ್ ಆದರೆ ಗಾಡಿಗೆ ಬೆಂಕಿ ಹತ್ತದಿರಲಿ ಅಂತ. ಬಾನೆಟ್‌ನಿಂದ ಒಳಗೆ ತರುವಾಗ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಮೂಲಕವೇ ತನ್ನಿ, ಬರೀ ತಗಡಿನ ತೂತಲ್ಲಿ ಬೇಡ.

ಇಲಿ! ತೋಟದ ಶೆಡ್ಡಿನಲ್ಲಿ ಗಾಡಿ ನಿಲ್ಲಿಸುವವರಿಗೆ ಹೊಸದಾಗಿ ಹೇಳಬೇಕಾಗಿಲ್ಲ ಅಲ್ವಾ. ಬಾನೆಟ್ ಒಳಗಿನ ಅಷ್ಟೂ ಉದ್ದಕ್ಕೆ ತಂತಿಯನ್ನು ಗಟ್ಟಿ ಕಾಂಡ್ಯೂಟಿನಲ್ಲಿ (ತಂತಿ ಹಾಯಿಸುವ ಕೊಳವೆ) ಹಾಕಿ.

ಆಂಪಿನಿಂದ ಗಾಡಿಯ ಬಾಡಿಗೆ ಕಟ್ಟುವ ಗ್ರೌಂಡ್ ತಂತಿ ಗಿಡ್ಡ ಇರಲಿ, ಅದೂ 45 ಸೆಂಟಿಮೀಟರ್ ಒಳಗೆ, ಪವರ್ ತಂತಿಯಷ್ಟೇ ದಪ್ಪ. ಗಾಡಿಯ ಬಾಡಿಯಲ್ಲಿ ಪೇಂಟ್ ಕೆರೆದು ಬೆಳ್ಳಗೆ ಲೋಹ ಕಾಣಿಸಿದ ಮೇಲೆ ಬೋಲ್ಟ್ ಬಿಗಿಯಿರಿ. ಕೆರೆದ ಜಾಗ ನಮ್ಮ ಮಳೆಗೆ ತುಕ್ಕು ಹಿಡಿಯದೇ ಬಿಡುವುದಿಲ್ಲ, ಆದ್ದರಿಂದ ಬಿಗಿದಾದ ಮೇಲೆ ಸುತ್ತ ಪೇಂಟೋ ಗ್ರೀಸೋ ಸವರಿ. ಸೀಟ್ ಬೆಲ್ಟ್ ಬೋಲ್ಟಿಗೆ ಮಾತ್ರ ಕೈ ಹಾಕಬೇಡಿ. ಪವರ್ ತಂತಿ ಒಂದು ಪಕ್ಕ ಹೋದರೆ ಸಿಗ್ನಲ್ ಕೇಬಲ್ ಇನ್ನೊಂದು ಪಕ್ಕ ಹೋಗಲಿ. ಆಕ್ಸಿಲರೇಟರ್ ಒತ್ತಿದಂತೆಲ್ಲ ಕುಂಯ್ ಅನ್ನುವ ಸದ್ದು ಏರಿದರೆ ಅದು ಆಲ್ಟರ್ನೇಟರಿನದ್ದು, ಮೊದಲು ಗ್ರೌಂಡನ್ನೇ ಅನುಮಾನಿಸಿ.

ಆಂಪನ್ನು ಆನ್ ಮಾಡುವ ರಿಮೋಟ್ ತಂತಿಗೆ ಕೀ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರುವ ಫ್ಯೂಸಿನಿಂದ ಟ್ಯಾಪ್ ತೆಗೆಯಿರಿ, ಕೆಲವು ಆಂಪ್‌ಗಳು ಸಿಗ್ನಲ್ ನೋಡಿ ತಾವೇ ಆನ್ ಆಗುತ್ತವೆ. ಸದಾ ಕರೆಂಟ್ ಇರುವ ಜಾಗಕ್ಕೆ ಕಟ್ಟಿದರೆ ಆಂಪ್ ಮಲಗುವುದೇ ಇಲ್ಲ. ವಾರಗಟ್ಟಲೆ ಮಳೆ ಹಿಡಿದು ಗಾಡಿ ಮನೆಯಲ್ಲೇ ನಿಂತರೆ ಬ್ಯಾಟರಿ ಸತ್ತಿರುತ್ತದೆ.

ಟ್ಯೂನಿಂಗ್ ಹತ್ತಿರ ಬಂದೆವು. ಗೇನ್ ಅನ್ನುವುದು ವಾಲ್ಯೂಮ್ ಅಲ್ಲ, ಸ್ಟೀರಿಯೊದ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಪು. ಸಬ್ ಕಳಚಿ, ಬೇಸ್ ಬೂಸ್ಟ್ ಎಲ್ಲಾ ಸೊನ್ನೆ ಮಾಡಿ, ಸ್ಟೀರಿಯೊ ಮುಕ್ಕಾಲು ವಾಲ್ಯೂಮಿಗಿಟ್ಟು 50 ಹರ್ಟ್ಸ್ ಟೋನ್ (ಒಂದೇ ಸಮನೆ ಬರುವ ಪರೀಕ್ಷೆಯ ಸದ್ದು) ಹಾಕಿ. ಆಂಪ್ ಔಟ್‌ಪುಟ್ಟಿಗೆ ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿ ಹಿಡಿಯಿರಿ. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ಎಷ್ಟು ವೋಲ್ಟ್ ಬರಬೇಕು ಅಂತ ಗೊತ್ತಾಗುತ್ತದೆ. 250 ವ್ಯಾಟ್, 4 ಓಮ್ ಆದರೆ ಸುಮಾರು 31.6 ವೋಲ್ಟ್. ಅಲ್ಲಿಗೆ ಗೇನ್ ನಿಲ್ಲಿಸಿ. ಆಮೇಲೆ ಮೇಲಿನ ಸದ್ದನ್ನು ತಡೆದು ಬೇಸ್ ಮಾತ್ರ ಬಿಡುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್ ಹತ್ತಿರ ಇಟ್ಟು ಸಬ್ ಸೇರಿಸಿ. ಫೇಸ್ ಸ್ವಿಚ್ಚನ್ನು (ಸಬ್‌ನ ಸದ್ದಿನ ಅಲೆಯನ್ನು ತಿರುಗಿಸುವುದು) 0, 180 ಎರಡರಲ್ಲೂ ಇಟ್ಟು ಕೇಳಿ, ಡ್ರೈವರ್ ಸೀಟಿನಲ್ಲಿ ಯಾವುದು ತುಂಬಿಕೊಂಡು ಬರುತ್ತದೋ ಅದೇ ಸರಿ.

ಪರೀಕ್ಷೆಗೆ ಡಿಜೆ ಹಾಡು ಬೇಡ, ಒಳ್ಳೆಯ ವಾಲಗದ ರೆಕಾರ್ಡಿಂಗ್ ಹಾಕಿ. ಕೊಂಬಿನ ಕೂಗು ಸ್ಪಷ್ಟ ಇದ್ದು, ಚರ್ಮವಾದ್ಯದ ಪೆಟ್ಟು ಮುಂದಿನಿಂದಲೇ ಬಂದ ಹಾಗೆ ಕೇಳಿಸಬೇಕು. ಪೆಟ್ಟು ಡಿಕ್ಕಿಯಿಂದ ಬರುತ್ತಿದೆ ಅನ್ನಿಸಿದರೆ ಫಿಲ್ಟರ್ 70ಕ್ಕೆ ಇಳಿಸಿ, ಗೇನ್ ಕೂಡ ಸ್ವಲ್ಪ ಕಡಿಮೆ ಮಾಡಿ. ತಗಡು ನಡುಗುವ ಜಾಗಕ್ಕೆ ನಡುಕ ಹೀರುವ ಬ್ಯೂಟೈಲ್ (ರಬ್ಬರಿನಂಥ) ಶೀಟ್ ಅಂಟಿಸಿ. ತಿತಿಮತಿ ಕಡೆ ರಾತ್ರಿ ಹೋಗುವಾಗ ಮಾತ್ರ ಏನೂ ಹಾಕಬೇಡಿ, ಆನೆ ಘೀಳಿಟ್ಟರೂ ಕೇಳಿಸದ ಬೇಸ್ ಯಾರಿಗೆ ಬೇಕು.

ಬಾಕ್ಸನ್ನು ಬೆಲ್ಟ್ ಹಾಕಿ ಡಿಕ್ಕಿಯ ಕೊಂಡಿಗೆ ಬಿಗಿಯಿರಿ. 15 ಕೆಜಿ ಪೆಟ್ಟಿಗೆ ಸಂಪಾಜೆ ಘಾಟಿಯ ತಿರುವಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆ ಜಾರಿದರೆ ತಗಡು ಚಪ್ಪಟೆ, ಬ್ರೇಕ್ ಹೊಡೆದರೆ ಇನ್ನೂ ಕಷ್ಟ. ತಂತಿಗೆ ಪ್ಲಗ್ ಇಟ್ಟರೆ ಕಾಫಿ ಕುಯ್ಲಿನ ಸಮಯದಲ್ಲಿ ಬಾಕ್ಸ್ ಎತ್ತಿ ಮನೆಯಲ್ಲಿಡಬಹುದು. ಆಂಪನ್ನು ಬಾಕ್ಸಿನ ಮೇಲೆ ಬಿಗಿಯಬೇಡಿ, ನಡುಕಕ್ಕೆ ಒಳಗಿನ ಬೆಸುಗೆ ಬಿಡುತ್ತದೆ. ಇನ್ಶೂರೆನ್ಸ್ ರಿನ್ಯೂ ಮಾಡುವಾಗ ಬಿಲ್ ತೋರಿಸಿ ಎಲೆಕ್ಟ್ರಿಕಲ್ ಆಕ್ಸೆಸರಿ ಅಂತ ಸೇರಿಸಲು ಹೇಳಿ.

ಮೊದಲ ವಾರ ಓಡಿಸಿದ ಮೇಲೆ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಕೈ ಸುಡುವಷ್ಟು ಬಿಸಿ ಇದ್ದರೆ ಎಲ್ಲೋ ಸ್ಕ್ರೂ ಸಡಿಲ ಇದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಬಾಕ್ಸಿನ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ, ಟರ್ಮಿನಲ್‌ಗಳಲ್ಲಿ ಹಸಿರು ಕಿಲುಬು ಕಂಡರೆ ಉಜ್ಜಿ ತೆಗೆದು ಮತ್ತೆ ಗ್ರೀಸ್ ಹಚ್ಚಿ.