ಬೋರ್ ನೀರಿನ ನೈಟ್ರೇಟ್ ಎಲ್ಲಿಂದ ಬಂತು?

ಶ್ರೀನಿವಾಸಪುರ ಕಡೆಯ ನಮ್ಮ ತೋಟದಲ್ಲಿ ಎರಡು ಬೋರ್ ಇವೆ. ಒಂದು ಮನೆಯ ಹಿಂದೆ, ಕೊಟ್ಟಿಗೆಯ ಪಕ್ಕದಲ್ಲಿ. ಇನ್ನೊಂದು ಮೇಲ್ಗಡೆ, ಹಿಪ್ಪುನೇರಳೆ ಸಾಲಿನ ಅಂಚಿಗೆ. ತಂಗಿ ಬಾಣಂತನಕ್ಕೆ ಬರುವವಳಿದ್ದಳು, ಅದಕ್ಕೇ ನೀರು ಪರೀಕ್ಷೆ ಮಾಡಿಸಲು ಹೊರಟೆ. ಚಿಕ್ಕಪ್ಪ ನಕ್ಕರು: "ಕನ್ನಡಿ ಹಂಗೈತಲ್ಲಪ್ಪ ನೀರು, ಇನ್ನೇನು ಟೆಸ್ಟು?" ಆದರೆ ನೈಟ್ರೇಟ್‌ಗೆ, ಅಂದರೆ ಗೊಬ್ಬರ, ಗಂಜಳದ ನೈಟ್ರೋಜನ್ ನೀರಲ್ಲಿ ಕರಗಿ ಸೇರುವ ರೂಪಕ್ಕೆ, ಬಣ್ಣ, ವಾಸನೆ ಯಾವುದೂ ಇಲ್ಲ. ಕೋಲಾರದ ಕಡೆ ಎಲ್ಲರಿಗೂ ಫ್ಲೋರೈಡ್ ಗೊತ್ತು, ಯಾಕಂದರೆ ಅದು ಹಲ್ಲಿನ ಮೇಲೆ ಕಾಣುತ್ತದೆ. ಇದು ಹಾಗಲ್ಲ. ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಲ್ಲಿ ಪುಡಿಹಾಲು ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು.

ಮಾದರಿಯನ್ನು ಟ್ಯಾಂಕ್‌ನಿಂದ ಹಿಡಿಯಲಿಲ್ಲ. ಪೈಪಿನಲ್ಲಿ ನಿಂತ ನೀರೆಲ್ಲ ಹೋಗುವಷ್ಟು ಹೊತ್ತು ಮೋಟರ್ ಓಡಿಸಿ, ಬೋರಿನ ಬಾಯಲ್ಲೇ ಹಿಡಿದೆ. ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ, ಐಸ್ ಇಟ್ಟ ಡಬ್ಬಿಯಲ್ಲಿ ತಡಮಾಡದೆ ಲ್ಯಾಬಿಗೆ ಮುಟ್ಟಿಸಿದೆ. ಬಿಸಿಲಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾ ನೈಟ್ರೇಟನ್ನು ಏರುಪೇರು ಮಾಡುತ್ತವೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಟ್ಟ ಬೇರೆ ಬಾಟಲಿ. ಅದನ್ನು ತೊಳೆಯುವ ಹಾಗಿಲ್ಲ.

ವರದಿ ಬಂದಾಗ ಮೊದಲು ನೋಡಿದ್ದು ಅಂಕಿಯನ್ನಲ್ಲ, ಅದರ ಪಕ್ಕದ ಬರಹವನ್ನು. ನೈಟ್ರೇಟ್ ಎಂದು ಬರೆದಿದ್ದರೆ ಕುಡಿಯುವ ನೀರಿಗೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ ಲೀಟರಿಗೆ 45 ಮಿಲಿಗ್ರಾಂ, ಸಡಿಲಿಕೆ ಇಲ್ಲ. 'ನೈಟ್ರೇಟ್ ರೂಪದ ನೈಟ್ರೋಜನ್' ಎಂದಿದ್ದರೆ ಅದೇ ಮಿತಿ ಸುಮಾರು 10 ಆಗುತ್ತದೆ, ಆ ಅಂಕಿಯನ್ನು ನೈಟ್ರೇಟ್ ಲೆಕ್ಕಕ್ಕೆ ತರಲು 4.43ರಿಂದ ಗುಣಿಸಬೇಕು. ನೀರಲ್ಲಿ ಅದ್ದಿ ಬಣ್ಣ ನೋಡುವ ಪರೀಕ್ಷೆಯ ಸ್ಟ್ರಿಪ್ ಕೊಂಡವರೂ ಡಬ್ಬಿಯ ಮೇಲಿನ ಬಣ್ಣದ ಪಟ್ಟಿ ಯಾವುದರದ್ದು ಅಂತ ನೋಡಿಕೊಳ್ಳಿ.

ನಮ್ಮದು ನೈಟ್ರೇಟ್ ಲೆಕ್ಕದಲ್ಲೇ ಇತ್ತು: ಮನೆಯ ಬೋರ್ 96, ಮೇಲಿನದು 31. ಮನೆಯ ಬೋರಿನಲ್ಲಿ ಕ್ಲೋರೈಡೂ (ಉಪ್ಪಿನಲ್ಲಿರುವ ಅಂಶ) ಮೇಲಿನದರ ಮೂರು ಪಟ್ಟು. ನೈಟ್ರೇಟ್, ಕ್ಲೋರೈಡ್ ಎರಡೂ ಏರಿದ್ದರೆ ಗಂಜಳ ಇಲ್ಲವೇ ಪಾಯಿಖಾನೆ ಗುಂಡಿ ಅನ್ನುತ್ತಾರೆ. ಆದರೆ ಹೊಲಕ್ಕೆ ಹಾಕುವ ಎಂಒಪಿ ಎಂಬ ಪೊಟ್ಯಾಷ್ ಗೊಬ್ಬರದಲ್ಲೂ ಕ್ಲೋರೈಡ್ ಇದೆ. ಹಾಗಾಗಿ ಅದೊಂದನ್ನೇ ನಂಬಲಿಲ್ಲ. ಅದೇ ಬೋರಿನಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾವೂ ಸಿಕ್ಕಿದ ಮೇಲೆ ಅನುಮಾನ ಗಟ್ಟಿಯಾಯಿತು.

ಆಮೇಲೆ ಬೋರಿನ ಬುಡದಲ್ಲಿ ಕೂತು ನೋಡಿದೆ. ನಮ್ಮಲ್ಲಿ ಕೇಸಿಂಗ್ ಪೈಪ್ (ಬೋರಿನ ಗೋಡೆ ಕುಸಿಯದಂತೆ ಇಳಿಸುವ ಕೊಳವೆ) ಸಡಿಲ ಮಣ್ಣು, ಕೊಳೆತ ಕಲ್ಲಿನವರೆಗೆ ಮಾತ್ರ. ಕೆಳಗೆ ಬರೀ ಬಂಡೆ, ಬಿರುಕು. ಕೇಸಿಂಗ್ ನೆಲದ ಮಟ್ಟಕ್ಕೇ ಕತ್ತರಿಸಿತ್ತು. ಸುತ್ತ ಬೆರಳು ತೂರುವಷ್ಟು ಸಂದು, ಕೊಟ್ಟಿಗೆ ತೊಳೆದ ನೀರು ಅಲ್ಲಿಗೇ ಇಳಿಜಾರು. ಬೇಸಿಗೆಯ 96 ಮಳೆ ಬಿದ್ದ ಮೇಲೆ 118ಕ್ಕೆ ಹೋಯಿತು. ಮಳೆ ನೀರು ಬೆರೆತು ತೆಳ್ಳಗಾಗಬೇಕಿದ್ದದ್ದು ಏರಿದೆ ಅಂದರೆ ಮೇಲಿನ ಕೊಳೆ ತೊಳೆದು ಒಳಗಿಳಿಯುತ್ತಿದೆ.

ಕೇಸಿಂಗ್ ಎತ್ತರಿಸಿ, ಸಂದಿಗೆ ಸಿಮೆಂಟ್ ತುಂಬಿ, ಸುತ್ತ ಕಟ್ಟೆ ಕಟ್ಟಿಸಿದೆ. ತಿಪ್ಪೆಯನ್ನು ಇಳಿಜಾರಿನ ಕೆಳಕ್ಕೆ ಸಾಗಿಸಿದೆವು. ಮುಂದಿನ ಮಳೆಗಾಲಕ್ಕೆ 70ರ ಆಸುಪಾಸು. ಅದಿನ್ನೂ ಕುಡಿಯುವ ನೀರಲ್ಲ, ಆದ್ದರಿಂದ ಅಡುಗೆಮನೆಗೆ ಮೇಲಿನ ಬೋರಿನ ಪೈಪ್ ಎಳೆದೆ. ಅಮ್ಮ ಕಾಯಿಸಿ ಕುಡಿದರಾಯಿತು ಅಂದರು. ಕಾಯಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ದಟ್ಟವಾಗುತ್ತದೆ. ಯುವಿ ಫಿಲ್ಟರೂ ದಂಡ, ಆರ್‌ಒ ಆದರೆ ಬಹುಪಾಲು ತೆಗೆಯುತ್ತದೆ.

ಮೇಲಿನ ಬೋರಿನ 31 ಕೂಡ ನನಗೆ ಹಿಡಿಸಿಲ್ಲ, ಅಲ್ಲಿ ಕೊಟ್ಟಿಗೆಯಿಲ್ಲ. 45 ಕಿಲೋ ಯೂರಿಯಾ ಮೂಟೆಯಲ್ಲಿ ಹತ್ತಿರ ಹತ್ತಿರ 21 ಕಿಲೋ ನೈಟ್ರೋಜನ್. ಅಷ್ಟೂ ನೈಟ್ರೇಟಾಗಿ ಕೆಳಗಿಳಿದರೆ 20 ಲಕ್ಷ ಲೀಟರ್ ನೀರನ್ನು ಮಿತಿಗೆ ಮುಟ್ಟಿಸಲು ಸಾಕು. ಅಷ್ಟೆಲ್ಲ ಇಳಿಯುವುದಿಲ್ಲ, ಬೆಳೆ ಹೀರುತ್ತದೆ, ನಿಜ. ಆದರೂ ಹಿಪ್ಪುನೇರಳೆಗೆ ಯೂರಿಯಾ ಒಟ್ಟಿಗೆ ಚೆಲ್ಲುವುದನ್ನು ಬಿಟ್ಟು ಡ್ರಿಪ್‌ನಲ್ಲಿ ಕಂತು ಕಂತಾಗಿ ಕೊಡುತ್ತಿದ್ದೇವೆ. ಹಿಂಗಾರು ಮುಗಿದ ಮೇಲೆ ಎರಡೂ ಬೋರಿನ ಬಾಟಲಿ ಮತ್ತೆ ಲ್ಯಾಬಿಗೆ.